ಮಗು ಓದುತ್ತಿದ್ದುದು ನನ್ನ ಮುಖವನ್ನು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮನೆಪಾಠ ಹೇಳಲು ಆರಂಭಿಸಿ ಹನ್ನೆರಡು ವರ್ಷಗಳಾದವು. ಅದರಲ್ಲಿ ಮೊದಲರ್ಧವನ್ನು ಮಕ್ಕಳ ಮನೆಗೇ ಹೋಗಿ, ಅವರ ಪಕ್ಕದಲ್ಲಿ ಕುಳಿತು ಕಲಿಸುವುದರಲ್ಲಿ ಕಳೆದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲರಂತೆ ನಾನೂ ಪರದೆಯ ಮುಂದೆ ಬಂದು ಕುಳಿತೆ. ಈಗ ಎರಡೂ ಬಗೆಯ ಪಾಠಗಳು ನಡೆಯುತ್ತಿವೆ. ಹೊಸದಾಗಿ ಫೋನ್ ಮಾಡುವ ಪೋಷಕರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: ಆನ್‌ಲೈನ್ ಒಳ್ಳೆಯದೋ, ಮನೆಗೆ ಬಂದು ಹೇಳಿಕೊಡುವುದು ಒಳ್ಳೆಯದೋ? ಇದಕ್ಕೆ ಮೊದಲೆಲ್ಲ ನಾನು ಸಲೀಸಾಗಿ ಉತ್ತರ ಕೊಡುತ್ತಿದ್ದೆ, ಪಕ್ಕದಲ್ಲಿ ಕುಳಿತು ಕಲಿಸಿದ್ದಕ್ಕೆ ಸಮನಾದುದು ಯಾವುದೂ ಇಲ್ಲ ಎಂದು. ಮೂರನೆಯ ತರಗತಿಯ ಒಬ್ಬ ಹುಡುಗಿಯ ವ್ಯವಕಲನದ ಲೆಕ್ಕ ಆ ಸಲೀಸುತನವನ್ನು ಕಳೆಯಿತು.

ಆ ಹುಡುಗಿಗೆ ನಾನು ಸುಮಾರು ಎಂಟು ತಿಂಗಳಿನಿಂದ ವಾರಕ್ಕೆ ನಾಲ್ಕು ದಿನ ಮನೆಗೆ ಹೋಗಿ ಪಾಠ ಹೇಳುತ್ತಿದ್ದೆ. ಎರಡಂಕಿಯ ಕಳೆಯುವ ಲೆಕ್ಕಗಳನ್ನು ನನ್ನ ಮುಂದೆ ಒಂದೂ ತಪ್ಪಿಲ್ಲದೆ ಮಾಡುತ್ತಿದ್ದಳು. ಶಾಲೆಯ ಕಿರುಪರೀಕ್ಷೆಯಲ್ಲಿ ಮಾತ್ರ ಹತ್ತರಲ್ಲಿ ಐದೋ ಆರೋ ತಪ್ಪಾಗುತ್ತಿದ್ದವು. ಪರೀಕ್ಷೆಯ ಭಯ, ಗಡಿಬಿಡಿ, ಅಲಕ್ಷ್ಯ ಎಂದು ನಾನೂ ಅವಳ ತಾಯಿಯೂ ಒಂದೊಂದು ಸಲ ಒಂದೊಂದು ಕಾರಣವನ್ನು ಹುಡುಕಿಕೊಂಡು ಸಮಾಧಾನಪಟ್ಟುಕೊಂಡೆವು. ಒಮ್ಮೆ ನನಗೆ ಜ್ವರ ಬಂದು ಒಂದು ವಾರ ಆ ಪಾಠವನ್ನು ಆನ್‌ಲೈನ್‌ನಲ್ಲಿ ನಡೆಸಬೇಕಾಯಿತು. ಎರಡನೆಯ ದಿನ, 52ರಲ್ಲಿ 27 ಕಳೆಯಲು ಹೇಳಿದ ಕೂಡಲೇ ನೆಟ್‌ವರ್ಕ್ ಕೈಕೊಟ್ಟಿತು. ಎರಡು ನಿಮಿಷದ ನಂತರ ಮತ್ತೆ ಸಂಪರ್ಕ ಸಿಕ್ಕಾಗ ಅವಳ ಪುಸ್ತಕದಲ್ಲಿ ಲೆಕ್ಕ ಬರೆದಿತ್ತು, ಅಡಿಗೆರೆ ಎಳೆದಿತ್ತು, ಉತ್ತರದ ಜಾಗ ಖಾಲಿಯಿತ್ತು. ಯಾಕಮ್ಮಾ ಮಾಡಲಿಲ್ಲ ಎಂದರೆ, ಬಹಳ ಸಹಜವಾಗಿ, “ನೀವು ಅಲ್ಲಾಡ್ತಾನೇ ಇರಲಿಲ್ಲ ಮಿಸ್” ಎಂದಳು.

ಪರದೆಯ ಮೇಲೆ ನನ್ನ ಚಿತ್ರ ನಿಂತುಹೋಗಿತ್ತು, ಅವಳ ಲೆಕ್ಕವೂ ಅದರೊಡನೆ ನಿಂತಿತ್ತು. ಮುಂದಿನ ವಾರ ಮತ್ತೆ ಅವಳ ಮನೆಗೆ ಹೋದಾಗ ನಾನು ಅವಳ ಪುಸ್ತಕದ ಜೊತೆಗೆ ನನ್ನನ್ನೂ ಗಮನಿಸಿಕೊಂಡೆ. ಬಿಡಿಸ್ಥಾನದಲ್ಲಿ 2ರ ಕೆಳಗೆ 7 ಬಂದಾಗ ಅವಳು ಪೆನ್ಸಿಲ್ ತುದಿಯನ್ನು ಅಲ್ಲಿಟ್ಟು ನನ್ನ ಕಡೆಗೆ ನೋಡುತ್ತಿದ್ದಳು. ಆಗ ನನ್ನ ಕಣ್ಣು ನನಗೇ ತಿಳಿಯದಂತೆ ಹತ್ತರ ಸ್ಥಾನದ 5ರ ಮೇಲೆ ಹೋಗುತ್ತಿತ್ತು. ಅವಳು 5ನ್ನು ಹೊಡೆದು 4 ಮಾಡುತ್ತಿದ್ದಳು. ನನ್ನ ಬಾಯಿಂದ ಸಣ್ಣದೊಂದು ‘ಹೂಂ’ ಬರುತ್ತಿತ್ತು. ಅವಳು ಮುಂದಕ್ಕೆ ಹೋಗುತ್ತಿದ್ದಳು. ಎಂಟು ತಿಂಗಳು ಆ ಮಗು ಓದಿದ್ದು ಲೆಕ್ಕವನ್ನಲ್ಲ, ನನ್ನ ಮುಖವನ್ನು. ಆ ಓದಿನಲ್ಲಿ ಅವಳು ನಿಜಕ್ಕೂ ಜಾಣೆಯಾಗಿದ್ದಳು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಲೆಕ್ಕ ಮಾಡುವ ಕುದುರೆಯೆಂದು ಹೆಸರಾಗಿದ್ದ ಹಾನ್ಸ್‌ನ ಕಥೆ ಅನೇಕರಿಗೆ ಗೊತ್ತಿರಬಹುದು. ಕೂಡುವ ಕಳೆಯುವ ಪ್ರಶ್ನೆಗಳಿಗೆ ಅದು ಗೊರಸನ್ನು ನೆಲಕ್ಕೆ ಬಡಿದು ಉತ್ತರ ಹೇಳುತ್ತಿತ್ತು. ಆಸ್ಕರ್ ಪ್‌ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರಲ್ಲಿ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಕುದುರೆಗೆ ಅವನು ಕಾಣಿಸದಿದ್ದರೆ ಉತ್ತರ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅಲ್ಲಿಗೆ ನಿಲ್ಲಿಸುತ್ತಿತ್ತು. ಅದರ ಯಜಮಾನ ಮೋಸಗಾರನಾಗಿರಲಿಲ್ಲ, ತಾನು ಸುಳಿವು ಕೊಡುತ್ತಿದ್ದೇನೆಂಬುದು ಅವನಿಗೇ ತಿಳಿದಿರಲಿಲ್ಲ. ಈ ಕಥೆಯನ್ನು ಮಕ್ಕಳಿಗೆ ಹೋಲಿಸುವುದು ಯಾರಿಗಾದರೂ ಒರಟೆನಿಸಿದರೆ, ನಾನು ಹೋಲಿಸಿಕೊಳ್ಳುತ್ತಿರುವುದು ಆ ಯಜಮಾನನೊಂದಿಗೆ.

ಇದು ಒಬ್ಬಳೇ ಹುಡುಗಿಯ ಸಂಗತಿಯಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕರ ಮುಖವನ್ನು ಹೀಗೆ ಓದುವ ಅವಕಾಶ ಯಾವ ಮಗುವಿಗೂ ಸಿಗದು. ಒಬ್ಬರಿಗೆ ಒಬ್ಬರೆಂಬಂತೆ ಒಂದೇ ಮೇಜಿಗೆ ಕೂರುವ ಮನೆಪಾಠದಲ್ಲಿ ಮಾತ್ರ ಅದು ದಿನವೂ ಸಿಗುತ್ತದೆ. ಹಾಗಾಗಿ ಯಾವ ಸಾಮೀಪ್ಯಕ್ಕಾಗಿ ಪೋಷಕರು ಮನೆಪಾಠವನ್ನು ಬಯಸುತ್ತಾರೋ ಅದೇ ಸಾಮೀಪ್ಯವು ಮಗುವಿನ ಅರಿವಿನ ಕೊರತೆಯನ್ನು ತಿಂಗಳುಗಟ್ಟಲೆ ಮುಚ್ಚಿಡಬಲ್ಲದು.

ಮುಂದಿನ ಸಲ ಆನ್‌ಲೈನ್ ಪಾಠವನ್ನು ನಾನೇ ಕೇಳಿಕೊಂಡೆ. ನನ್ನ ಕ್ಯಾಮೆರಾವನ್ನು ಆರಿಸಿದೆ. ಅವಳ ತಾಯಿಗೆ ಹೇಳಿ ಮೊಬೈಲನ್ನು ನಾಲ್ಕು ದಪ್ಪ ಪುಸ್ತಕಗಳ ಅಟ್ಟಿಯ ಅಂಚಿನಲ್ಲಿ, ಕ್ಯಾಮೆರಾ ಕೆಳಮುಖವಾಗಿರುವಂತೆ ಇರಿಸಿಕೊಂಡೆ. ನನಗೆ ಕಾಣುತ್ತಿದ್ದುದು ಅವಳ ಕೈ, ಪೆನ್ಸಿಲ್, ಚೌಕುಳಿ ಪುಸ್ತಕದ ಹಾಳೆ, ಇಷ್ಟೇ. ಅದೇ 52, ಅದೇ 27. ಪೆನ್ಸಿಲ್ ಬಿಡಿಸ್ಥಾನದಲ್ಲಿ ಬಹಳ ಹೊತ್ತು ನಿಂತು, ಕೊನೆಗೆ 5 ಎಂದು ಬರೆಯಿತು. ಆಮೇಲೆ ಹತ್ತರ ಸ್ಥಾನದಲ್ಲಿ 3. ಉತ್ತರ 35. ಇಂಥ ಉತ್ತರ ಅಲಕ್ಷ್ಯದಿಂದ ಹುಟ್ಟುವುದಿಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಎಂದೋ ಕೇಳಿದ ಮಾತನ್ನು ಮಗು ಪ್ರತಿಯೊಂದು ಸ್ಥಾನಕ್ಕೂ ಪ್ರಾಮಾಣಿಕವಾಗಿ ಅನ್ವಯಿಸುತ್ತಿದೆ: 7ರಲ್ಲಿ 2 ಕಳೆದರೆ 5, 5ರಲ್ಲಿ 2 ಕಳೆದರೆ 3. ಬ್ರೌನ್ ಮತ್ತು ಬರ್ಟನ್ ಎಂಬ ಇಬ್ಬರು ಸಂಶೋಧಕರು 1978ರಲ್ಲಿ ಮಕ್ಕಳ ಇಂಥ ತಪ್ಪುಗಳನ್ನು ಅಧ್ಯಯನ ಮಾಡಿ, ಅವುಗಳಲ್ಲಿ ಬಹಳಷ್ಟು ಮನಬಂದಂತೆ ಆಗುವ ತಪ್ಪುಗಳಲ್ಲ, ತಪ್ಪಾದ ಒಂದು ನಿಯಮವನ್ನು ತಪ್ಪದೆ ಪಾಲಿಸಿದ್ದರ ಫಲ ಎಂದು ತೋರಿಸಿದ್ದರು. ಹಾಗಿದ್ದರೆ ಮುಂದಿನ ಉತ್ತರವನ್ನು ಮೊದಲೇ ಊಹಿಸಲು ಬರಬೇಕು. ನಾನು ಒಂದು ಚೀಟಿಯಲ್ಲಿ 43 ಮತ್ತು 44 ಎಂದು ಬರೆದಿಟ್ಟುಕೊಂಡು, 83ರಲ್ಲಿ 46 ಹಾಗೂ 70ರಲ್ಲಿ 34 ಕಳೆಯಲು ಹೇಳಿದೆ. ಬಂದ ಉತ್ತರಗಳು 43 ಮತ್ತು 44. ಇಷ್ಟು ವರ್ಷಗಳ ಕೆಲಸದಲ್ಲಿ ಎರಡು ತಪ್ಪು ಉತ್ತರಗಳನ್ನು ನೋಡಿ ನಾನು ಅಷ್ಟು ಸಂತೋಷಪಟ್ಟ ಇನ್ನೊಂದು ದಿನ ನೆನಪಿಲ್ಲ.

ಆಮೇಲಿನ ಕೆಲಸ ಹಳೆಯದೇ. ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟುಗಳು, ಬಿಡಿಯಾಗಿ ಎರಡು ಕಡ್ಡಿಗಳು. ಇದರಲ್ಲಿ ನನಗೆ 27 ಕಡ್ಡಿ ಕೊಡು ಎಂದೆ. ಅವಳು ಎರಡು ಕಟ್ಟುಗಳನ್ನು ಪಕ್ಕಕ್ಕಿಟ್ಟಳು, ಎರಡು ಬಿಡಿ ಕಡ್ಡಿಗಳನ್ನು ಇಟ್ಟಳು, ಆಮೇಲೆ ಸುಮ್ಮನೆ ಕುಳಿತಳು. ನಾನು ಮಾತನಾಡಲಿಲ್ಲ, ಮಾತನಾಡಬಾರದೆಂದು ನನ್ನ ಮೈಕನ್ನೇ ಮ್ಯೂಟ್ ಮಾಡಿಕೊಂಡಿದ್ದೆ. ಬಹಳ ಹೊತ್ತಾದ ಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆದು ಕಡ್ಡಿಗಳನ್ನು ಹರಡಿದಳು. ಹತ್ತರ ಸ್ಥಾನದಿಂದ ‘ಸಾಲ’ ತರುವುದೆಂಬ ಮಾತನ್ನು ನಾನು ಎಂಟು ತಿಂಗಳಲ್ಲಿ ನೂರಾರು ಸಲ ಆಡಿದ್ದೆ. ಆ ಸಾಲ ಎಂದರೆ ಏನೆಂಬುದು ಆ ರಬ್ಬರ್ ಬ್ಯಾಂಡ್ ಬಿಚ್ಚಿದಾಗಲೇ ಅವಳಿಗೆ ತಿಳಿದದ್ದು.

ಸುಮ್ಮನಿರುವುದು ಪಾಠ ಹೇಳುವವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತಿದ್ದವು, ‘ಗೊತ್ತಿಲ್ಲ’ಗಳು ಕಡಿಮೆಯಾಗುತ್ತಿದ್ದವು. ಮನೆಪಾಠದಲ್ಲಿ ಪರಿಸ್ಥಿತಿ ಇನ್ನೂ ಬಿಗಿ, ಏಕೆಂದರೆ ಪಕ್ಕದ ಕೋಣೆಯಲ್ಲಿ ಹಣ ಕೊಟ್ಟ ತಂದೆತಾಯಿ ಇದ್ದಾರೆ, ಮೌನವನ್ನು ಅವರು ಪಾಠ ನಡೆಯುತ್ತಿಲ್ಲವೆಂದು ತಿಳಿಯುತ್ತಾರೆ. ಒಂದು ಮನೆಯಲ್ಲಿ ನಾನು ಹೀಗೆ ಕಾಯುತ್ತಿದ್ದಾಗ ಒಳಗಿನಿಂದ ಅಜ್ಜ ಗಟ್ಟಿಯಾಗಿ “ಐವತ್ತಾರು!” ಎಂದು ಕೂಗಿದ್ದರು. ಏಳೆಂಟಲ ಎಷ್ಟೆಂದು ಆ ಮಗು ಅಷ್ಟರಲ್ಲಿ ಹೇಳುತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಆನ್‌ಲೈನ್ ಪಾಠದಲ್ಲಿ ಕ್ಯಾಮೆರಾಕ್ಕೆ ಕಾಣದಂತೆ ಪಿಸುಗುಟ್ಟುವ ಅಕ್ಕಂದಿರದೂ ಇದೇ ಸೇವೆ. ಉತ್ತರ ಬರುವ ಮೊದಲು ಮಗುವಿನ ಕಣ್ಣು ಒಂದು ಪಕ್ಕಕ್ಕೆ ಸರಿದರೆ ಅಲ್ಲೊಬ್ಬರು ನಿಂತಿದ್ದಾರೆಂದೇ ಅರ್ಥ.

ಇಷ್ಟೆಲ್ಲ ಹೇಳಿದ್ದರಿಂದ ಪರದೆಯೇ ಮೇಲೆಂದು ನಾನು ವಾದಿಸುತ್ತಿದ್ದೇನೆಂದು ಭಾವಿಸಬಾರದು. ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ, ಅಂದರೆ ಪೆನ್ಸಿಲ್ ಹಿಡಿಯುವುದನ್ನೂ ಅಕ್ಷರವನ್ನು ಎಲ್ಲಿಂದ ಆರಂಭಿಸಿ ಯಾವ ಕಡೆಗೆ ತಿರುಗಿಸಬೇಕೆಂಬುದನ್ನೂ ಇನ್ನೂ ಕಲಿಯುತ್ತಿರುವವರಿಗೆ, ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಪರದೆಯ ಮೇಲೆ ಬೆರಳಿನಿಂದ ಬರೆಸುವ ಬಿಳಿಹಲಗೆಯನ್ನು ಆ ವಯಸ್ಸಿನವರಿಗೆ ನಾನು ಬಳಸುವುದನ್ನೇ ಬಿಟ್ಟಿದ್ದೇನೆ. ಅದರಲ್ಲಿ ಅಕ್ಷರ ಉರುಟಾಗುವುದಿಲ್ಲ, ಕೈಗೆ ಅಭ್ಯಾಸವೂ ಆಗುವುದಿಲ್ಲ. ಗಟ್ಟಿಯಾಗಿ ಓದಿಸುವುದರಲ್ಲಿ ಇನ್ನೊಂದು ತೊಡಕಿದೆ. ಧ್ವನಿ ತುಂಡುತುಂಡಾಗಿ ಬರುವಾಗ ಮಗು ‘ಹಳ್ಳಿ’ ಎಂದಿತೋ ‘ಹಲ್ಲಿ’ ಎಂದಿತೋ ಎಷ್ಟು ಕಿವಿಗೊಟ್ಟರೂ ತಿಳಿಯುವುದಿಲ್ಲ, ಒತ್ತಕ್ಷರ ನುಂಗಿದ್ದು ಮಗುವೋ ನೆಟ್‌ವರ್ಕೋ ಎಂದು ಹೇಳಲಾಗುವುದಿಲ್ಲ. ಚಿಕ್ಕವರ ಆನ್‌ಲೈನ್ ಪಾಠವನ್ನು ನಾನು ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಒಂದು ಗಂಟೆಯ ಪಾಠವೆಂದು ಹೇಳಿ ಆರು ವರ್ಷದ ಮಗುವನ್ನು ಪರದೆಯ ಮುಂದೆ ಕೂರಿಸಿದರೆ ಕಡೆಯ ಅರ್ಧಗಂಟೆ ನಡೆಯುವುದು ಪಾಠವಲ್ಲ, ಕೂರಿಸುವ ಕೆಲಸ.

ಮನೆಪಾಠದ ಜಾಹೀರಾತುಗಳಲ್ಲಿ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಅವರ ಹೆಸರು ಬರುವುದುಂಟು. ಒಬ್ಬರಿಗೆ ಒಬ್ಬರು ಕಲಿಸಿದಾಗ ಸಾಧಾರಣ ವಿದ್ಯಾರ್ಥಿಯೂ ಸಾಮಾನ್ಯ ತರಗತಿಯ ಶೇಕಡಾ 98ರಷ್ಟು ಮಕ್ಕಳಿಗಿಂತ ಮುಂದೆ ಹೋದನೆಂದು ಅವರು 1984ರಲ್ಲಿ ಬರೆದಿದ್ದರು. ಅದು ಕೆಲವೇ ವಾರಗಳ ಪ್ರಯೋಗಗಳ ಫಲಿತಾಂಶವಾಗಿತ್ತೆಂಬುದನ್ನೂ, ಆ ಮಕ್ಕಳಿಗೆ ಆಗಾಗ ಪರೀಕ್ಷೆ ಕೊಟ್ಟು ತಪ್ಪಿದ್ದನ್ನು ತಿದ್ದಿಸಿಯೇ ಮುಂದೆ ಸಾಗಲಾಗಿತ್ತೆಂಬುದನ್ನೂ ಜಾಹೀರಾತು ಹೇಳುವುದಿಲ್ಲ. ಸಂಶೋಧಕ ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡ ಲಾಭ ಬ್ಲೂಮ್ ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ. ಅದೂ ಸಣ್ಣದಲ್ಲ, ಪವಾಡವಂತೂ ಅಲ್ಲ. ನನಗೆ ಹೆಚ್ಚು ಹಿಡಿಸಿದ್ದು ಬೋಟ್ಸ್‌ವಾನಾ ದೇಶದಲ್ಲಿ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಡೆದ ಪ್ರಯೋಗ. ಪ್ರಾಥಮಿಕ ಶಾಲೆಯ ಮಕ್ಕಳಿದ್ದ 4,000ಕ್ಕೂ ಹೆಚ್ಚು ಕುಟುಂಬಗಳು ಅದರಲ್ಲಿದ್ದವು. ಕೆಲವರಿಗೆ ವಾರಕ್ಕೊಮ್ಮೆ ಲೆಕ್ಕಗಳ ಎಸ್ಸೆಮ್ಮೆಸ್ ಮಾತ್ರ ಹೋಯಿತು, ಕೆಲವರಿಗೆ ಅದರ ಜೊತೆಗೆ ಸುಮಾರು ಇಪ್ಪತ್ತು ನಿಮಿಷದ ಒಂದು ಫೋನ್ ಕರೆಯೂ ಹೋಯಿತು. ಕಲಿಕೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಂಡುಬಂದದ್ದು ಫೋನ್ ಕರೆ ಬಂದ ಮಕ್ಕಳಲ್ಲಿ. ಪಕ್ಕದಲ್ಲಿ ಯಾರೂ ಇಲ್ಲ, ಪರದೆಯೂ ಇಲ್ಲ, ವಾರದಲ್ಲಿ ಇಪ್ಪತ್ತು ನಿಮಿಷ ಒಬ್ಬರು ನಿನಗಿದು ಹೇಗೆ ಬಂತೆಂದು ಕೇಳಿದರು, ಅಷ್ಟೇ. ಆ ಕರೆಗಳಲ್ಲಿ ಮಕ್ಕಳಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ ಎಂಬುದನ್ನು ನಾನು ನನ್ನ ಅನುಭವದ ಬೆಳಕಿನಲ್ಲಿ ಓದಿಕೊಳ್ಳದೆ ಇರಲಾರೆ.

ಶಾಲೆಯ ಹೋಂವರ್ಕ್ ಮುಗಿಸಿಕೊಡುವುದೇ ಮನೆಪಾಠ ಎಂದುಕೊಂಡ ಪೋಷಕರೊಂದಿಗೆ ನನಗೆ ಆಗಾಗ ಮಾತು ಬೆಳೆಯುತ್ತದೆ. ನನ್ನ ಜೊತೆಯಲ್ಲಿ ಮಾಡಿದ ಹೋಂವರ್ಕ್ ಶಾಲೆಯ ಶಿಕ್ಷಕರಿಗೆ ಸುಳ್ಳು ಹೇಳುತ್ತದೆ. ಆ ಮಗುವಿಗೆ ಕಳೆಯುವ ಲೆಕ್ಕ ಬರುತ್ತದೆಂದು ಅವರು ನಂಬಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಈಚೆಗೆ ನಾನು ಹೋಂವರ್ಕ್ ಮುಟ್ಟುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಇದರಿಂದ ಕೆಲವು ಮನೆಗಳು ಕೈತಪ್ಪಿವೆ.

ಮಗುವಿಗೆ ಕಲಿಸುವವರ ನೆರವನ್ನು ಕಟ್ಟಡದ ಸುತ್ತ ನಿಲ್ಲಿಸುವ ಸಾರುವೆಗೆ ಹೋಲಿಸಿದವರು ವುಡ್, ಬ್ರೂನರ್ ಮತ್ತು ರಾಸ್ ಎಂಬ ಮೂವರು ಸಂಶೋಧಕರು. ಅವರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ 30 ಮಕ್ಕಳು 21 ಮರದ ತುಂಡುಗಳನ್ನು ಜೋಡಿಸಿ ಪಿರಮಿಡ್ ಕಟ್ಟಿದ್ದರು. ಸಾರುವೆ ನಿಲ್ಲಿಸುವುದು ನಮ್ಮಂಥವರಿಗೆಲ್ಲ ಬರುತ್ತದೆ, ಆದರೆ ಯಾವ ದಿನ ಯಾವ ಗಳುವನ್ನು ತೆಗೆಯಬೇಕೆಂಬ ಲೆಕ್ಕ ನಮ್ಮಲ್ಲಿ ಬಹಳ ಮಂದಿ ಇಟ್ಟಿರುವುದಿಲ್ಲ, ತಿಂಗಳ ಸಂಬಳ ಆ ಗಳುವಿಗೇ ಕಟ್ಟಿಕೊಂಡಿರುವುದೂ ಅದಕ್ಕೊಂದು ಕಾರಣ. ಆ ಹುಡುಗಿಯ ಮಟ್ಟಿಗೆ ನಾನು ಮೊದಲು ತೆಗೆದದ್ದು ಸರಿ ತಪ್ಪು ಹಾಕುವ ಕೆಂಪು ಪೆನ್ನನ್ನು. “ಸರಿನಾ ಮಿಸ್?” ಎಂದಾಗಲೆಲ್ಲ, ನೀನೇ ಕೂಡಿ ನೋಡು ಎಂದೆ. ಬಂದ ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿದರೆ ಮೊದಲಿನದು ಸಿಗಬೇಕು, 25ಕ್ಕೆ 27 ಸೇರಿಸಿದರೆ 52. ಸಿಕ್ಕರೆ ರೈಟ್ ಗುರುತು ಅವಳೇ ಹಾಕಿಕೊಳ್ಳಬೇಕು. ಆಮೇಲೆ ವಾರದ ನಾಲ್ಕು ದಿನ ಎರಡಾಯಿತು, ಎರಡು ಒಂದಾಯಿತು. ಅಭ್ಯಾಸ ತಪ್ಪಬಾರದು, ಸುಮ್ಮನೆ ಬಂದು ಕುಳಿತಿದ್ದರೂ ಸಾಕು ಎಂದು ಅವಳ ತಾಯಿ ಕೇಳಿಕೊಂಡರು. ಒಂದು ತಿಂಗಳು ನೋಡೋಣ ಎಂದೆ.

ಆ ತಿಂಗಳ ಎರಡನೆಯ ವಾರ ಅವಳ ಮನೆಗೆ ಹೋದಾಗ ಐದು ಲೆಕ್ಕ ಬರೆದುಕೊಟ್ಟೆ. ಅವಳು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈಯನ್ನು ಅಡ್ಡ ಇಟ್ಟು, ನನಗೆ ಕಾಣದಂತೆ ಬರೆಯತೊಡಗಿದಳು. ನಾಲ್ಕು ರೈಟ್ ಗುರುತು ಬಿದ್ದ ಸದ್ದು ಕೇಳಿಸಿತು. ಐದನೆಯದರಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ, ಆಮೇಲೆ ಅಳಿಸುವ ರಬ್ಬರಿನ ಸದ್ದು ಬಂತು. ನಾನು ಕಿಟಕಿಯ ಕಡೆಗೆ ನೋಡುತ್ತಿದ್ದೆ.