ಅಮ್ಮನ ಮಂಡಿ ಮತ್ತು ಎರಡು ಉದ್ಯಾನಗಳು

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನಿಗೆ ಸಮತಟ್ಟಾದ ನೆಲದಲ್ಲಿ ನಡೆಯಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದಾಗ, ಬೆಂಗಳೂರಿನಲ್ಲಿ ಅದೇನು ಕಷ್ಟ, ಮನೆಯೆದುರೇ ಪಾರ್ಕಿದೆಯಲ್ಲ ಎಂದುಕೊಂಡೆವು. ಆದರೆ ದನ, ಬೈಕು ನುಗ್ಗದಿರಲೆಂದು ಗೇಟಿಗೆ ಅಡ್ಡಲಾಗಿ ನೆಟ್ಟ ಕಬ್ಬಿಣದ ಕಂಬಗಳ ನಡುವೆ ಅಮ್ಮನ ವಾಕರ್ ಹಿಡಿಸಲಿಲ್ಲ. ಅದನ್ನು ಎತ್ತಿ ದಾಟಿಸಿ ಒಳಗೆ ಹೋದರೆ, ಹೊಂಗೆಯ ಬೇರುಗಳು ಹಾದಿಯ ಇಂಟರ್‌ಲಾಕ್ ಕಲ್ಲುಗಳನ್ನು ಅಲ್ಲಲ್ಲಿ ಮೇಲೆಬ್ಬಿಸಿದ್ದವು. ಇಬ್ಬರು ಸರಾಗವಾಗಿ ಸಾಗಲಾರದ ಆ ಹಾದಿಯಲ್ಲಿ ಬಿರುಸಾಗಿ ನಡೆಯುವವರು ಹಿಂದಿನಿಂದ ಬಂದು ಅಮ್ಮನ ಭುಜಕ್ಕೆ ತಾಗುವಂತೆ ದಾಟಿ ಹೋಗುತ್ತಿದ್ದರು. ಮೂಲೆಯಲ್ಲಿ ವ್ಯಾಯಾಮದ ಯಂತ್ರಗಳೇನೋ ಇದ್ದವು; ಆಟವಾಡಬಾರದೆಂಬ ಫಲಕವಿದ್ದುದರಿಂದ ಮಕ್ಕಳು ಅವುಗಳಿಗೇ ಜೋತುಬಿದ್ದಿದ್ದರು. ಬಿಸಿಲು ಹಿತವಾಗುವ ಹೊತ್ತಿಗೆ ಕಾವಲುಗಾರ ಬೀಗ ಹಿಡಿದು ಬಂದ.

ಮುಂದಿನ ಭಾನುವಾರ ಆಟೋ ಹಿಡಿದು ಲಾಲ್‌ಬಾಗಿಗೆ ಹೋದೆವು. 240 ಎಕರೆಯ ಆ ತೋಟದಲ್ಲಿ ಅಮ್ಮನಿಗೆ ಬೇಕಾದದ್ದು ಪಶ್ಚಿಮ ದ್ವಾರದ ಒಳಗಿನ ಅಗಲವಾದ ರಸ್ತೆ, ಅದರ ನೆರಳು ಮತ್ತು ದಣಿವಾದಾಗ ಕೂರಲು ಕಲ್ಲುಬೆಂಚು ಮಾತ್ರ. ಸುಮಾರು 300 ಕೋಟಿ ವರ್ಷ ಹಳೆಯದಾದ ಬಂಡೆಯನ್ನು ಓಡಿ ಹತ್ತುವ ಹುಡುಗರಿಗೂ, ಬೆಂಚು ಹಿಡಿದು ಒಂಟಿಕಾಲಲ್ಲಿ ನಿಲ್ಲಲು ಕಲಿಯುತ್ತಿದ್ದ ಅಮ್ಮನಿಗೂ ಅಲ್ಲಿ ಜಾಗವಿತ್ತು. "ಇಲ್ಲಿ ಯಾರಿಗೂ ನಾನು ಅಡ್ಡ ಬರಲ್ಲ ಕಣೇ" ಎಂದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯ ಜೊತೆಗೆ, ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮವೂ ಇರಲಿ ಎನ್ನುತ್ತದೆ. ನಮ್ಮ ಬಡಾವಣೆಯ ಪಾರ್ಕುಗಳನ್ನು ಯೋಜಿಸುವವರು ಮಾತ್ರ ವ್ಯಾಯಾಮವೆಂದರೆ ಸುತ್ತು ಹಾಕುವುದೆಂದೇ ತಿಳಿದಂತಿದೆ. ಎಕರೆಗಟ್ಟಲೆ ಜಾಗವಿಲ್ಲದಿದ್ದರೂ ಗೇಟಿನ ಕಂಬಗಳನ್ನು ಕೊಂಚ ದೂರ ನೆಡಬಹುದು, ಹಿಡಿದು ನಿಲ್ಲಲು ಒಂದು ಕಂಬಿ ಹಾಕಬಹುದು, ಮಧ್ಯಾಹ್ನದ ಬೀಗ ತೆಗೆಯಬಹುದು. ಇವಕ್ಕೆ ದೊಡ್ಡ ಮೊತ್ತವೇನೂ ಬೇಡ.

ದಿನವೂ ಆಟೋದಲ್ಲಿ ಅಷ್ಟು ದೂರ ಹೋಗಿಬರುವುದು ನಮ್ಮಿಂದಾಗದ್ದರಿಂದ, ಭಾನುವಾರ ಬಿಟ್ಟರೆ ಅಮ್ಮ ಈಗ ನಡೆಯುವುದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಕಾರುಗಳೆಲ್ಲ ಕಚೇರಿಗೆ ಹೊರಟುಹೋದ ಮೇಲೆ.