ಮನೆಯ ಕಂಪ್ಯೂಟರಿನ ದಾಖಲೆಗಳಿಗೆ ಎನ್‌ಕ್ರಿಪ್ಷನ್: ನಾನು ಆರಿಸಿಕೊಂಡ ದಾರಿ

ಜಾಗದ ಆಧಾರ (ನೋಂದಣಿ ಪತ್ರ), ಪಟ್ಟೆ, ತೀರ್ವೆ (ಭೂಕಂದಾಯ) ರಶೀದಿ, ಬ್ಯಾಂಕಿನ ಪಾಸ್‌ಬುಕ್ಕು, ಮಂಗಳೂರಿನ ಆಸ್ಪತ್ರೆಗಳಿಂದ ತಂದ ರಿಪೋರ್ಟುಗಳು, ಮಕ್ಕಳ ಅಂಕಪಟ್ಟಿ, ಎಲ್ಲವೂ ಈಗ ಸ್ಕ್ಯಾನ್ ಆಗಿ ಮನೆಯ ಕಂಪ್ಯೂಟರಿಗೆ ಸೇರಿವೆ. ಕಾಸರಗೋಡಿನ ಹಳೆಯ ಮನೆಗಳಲ್ಲಿ ಈ ಕಡತಗಳ ಗಾತ್ರ ತುಸು ಹೆಚ್ಚೇ ಇರುತ್ತದೆ. 1956ಕ್ಕೆ ಮೊದಲು ನಮ್ಮ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಕನ್ನಡದಲ್ಲಿ ಬರೆದ ಪತ್ರಗಳನ್ನೂ, ಕೇರಳಕ್ಕೆ ಸೇರಿದ ಮೇಲೆ ಬಂದ ಮಲಯಾಳದ ಪತ್ರಗಳನ್ನೂ ಜೊತೆಯಾಗಿ ಇರಿಸಿಕೊಳ್ಳಬೇಕಾಗುತ್ತದೆ. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಹೆದರಿ ಅವನ್ನೆಲ್ಲ ಸ್ಕ್ಯಾನ್ ಮಾಡಿಸಿದವರು ಬಹಳ ಮಂದಿ ಇದ್ದಾರೆ. ಕಾಗದವಾಗಿದ್ದಾಗ ಕಪಾಟಿನೊಳಗಿದ್ದ ಈ ಪತ್ರಗಳು ಕಂಪ್ಯೂಟರಿಗೆ ಬಂದ ಮೇಲೆ ಯಾರು ಬೇಕಾದರೂ ತೆರೆಯುವಂತೆ ಬಿದ್ದಿರುತ್ತವೆ ಎಂಬುದು ನನ್ನನ್ನು ಬಹುಕಾಲ ಕಾಡಿದ ಚಿಂತೆ.

ವಿಂಡೋಸ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹಾರ್ಡ್ ಡಿಸ್ಕನ್ನು ಕಳಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಎನ್‌ಕ್ರಿಪ್ಷನ್ (ಕೀಲಿ ಇಲ್ಲದವರಿಗೆ ಓದಲಾಗದಂತೆ ಗೂಢಲಿಪಿಗೆ ಬದಲಾಯಿಸುವ ಏರ್ಪಾಡು) ಇಲ್ಲದ ಡಿಸ್ಕಿನಲ್ಲಿರುವ ಪ್ರತಿಯೊಂದು ಫೈಲನ್ನೂ ಯಾವ ಪಾಸ್‌ವರ್ಡೂ ಕೇಳದೆ ಓದಬಹುದು. ಆದ್ದರಿಂದ ವಿಧಾನವನ್ನು ಆರಿಸುವ ಮೊದಲು ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡೆ: ಈ ಕಡತಗಳು ಯಾರ ಕೈಗೆ ಸಿಗಬಾರದು, ನಾನಿಲ್ಲದಾಗ ಯಾರ ಕೈಗೆ ಸಿಗಲೇಬೇಕು? ಎರಡನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಮನೆಯ ಮಟ್ಟಿಗೆ ಅದೇ ಹೆಚ್ಚು ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಗೂಢಲಿಪಿಯನ್ನು ಭೇದಿಸಿ ನಮ್ಮ ತೀರ್ವೆ ರಶೀದಿಯನ್ನು ಓದುವವರಿಗಿಂತ, ಕೀಲಿ ಕಳೆದುಕೊಂಡು ತಮ್ಮ ದಾಖಲೆಗಳನ್ನು ತಾವೇ ಓದಲಾಗದೆ ಉಳಿಯುವವರ ಸಂಖ್ಯೆ ಖಂಡಿತ ಹೆಚ್ಚು.

ಯಾವ ಗೂಢಲಿಪಿ ಬಲವಾದದ್ದು ಎಂಬ ಚರ್ಚೆಗೆ ಇಲ್ಲಿ ಹೆಚ್ಚು ಸಮಯ ಕೊಡಬೇಕಾಗಿಲ್ಲ. ಬೆಲ್ಜಿಯಂನ ಯೋಹಾನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರಚಿಸಿದ, ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಎಇಎಸ್ ಪದ್ಧತಿಯನ್ನೇ ಮುಂದೆ ಹೇಳುವ ಎಲ್ಲ ತಂತ್ರಾಂಶಗಳೂ ಬಳಸುತ್ತವೆ ಅಥವಾ ಬಳಸಬಲ್ಲವು. ವ್ಯತ್ಯಾಸವಿರುವುದು ಕೀಲಿಯನ್ನು ಎಲ್ಲಿ ಇಡುತ್ತವೆ ಎಂಬುದರಲ್ಲಿ.

ವಿಂಡೋಸ್ ಜೊತೆಗೇ ಬರುವ ಬಿಟ್‌ಲಾಕರ್ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಲ್ಯಾಪ್‌ಟಾಪ್ ಕಳವಾದರೆ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಬಳಸುವವರಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಅದರ ಪೂರ್ಣ ರೂಪವನ್ನು ಚಾಲೂ ಮಾಡಲು ಪ್ರೊ ಆವೃತ್ತಿ ಬೇಕು, ಹೋಮ್ ಆವೃತ್ತಿಯಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಸರಳ ರೂಪ ಮಾತ್ರ, ಅದೂ ತಕ್ಕ ಯಂತ್ರಾಂಶವಿದ್ದರೆ, ಸಿಗುತ್ತದೆ. ಸಾಮಾನ್ಯವಾಗಿ ಅದರ ಕೀಲಿ ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್ಪಿಗೆ ಕಟ್ಟುಬಿದ್ದಿರುತ್ತದೆ. ನಮ್ಮ ಊರಿನವರು ನಿಂತು ಯೋಚಿಸಬೇಕಾದದ್ದು ಇಲ್ಲಿಯೇ. ತುಲಾ ತಿಂಗಳ ಗುಡುಗು ಸಿಡಿಲಿಗೆ ಟಿವಿ, ಮೋಡೆಮ್, ಮದರ್‌ಬೋರ್ಡ್ ಸುಟ್ಟುಹೋಗುವುದು ಇಲ್ಲಿ ಹೊಸ ಸುದ್ದಿಯಲ್ಲ. ಬೋರ್ಡ್ ಸುಟ್ಟು ಡಿಸ್ಕ್ ಉಳಿದರೂ, ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದಿದ್ದರೆ ಒಂದು ಫೈಲೂ ಸಿಗದು. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಎನ್‌ಕ್ರಿಪ್ಷನ್ ತಾನಾಗಿಯೇ ಚಾಲೂ ಆಗಿ, ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಹೋಗಿ ಕೂತಿರುತ್ತದೆ. ಆ ಖಾತೆ ಯಾರದ್ದೆಂದು ಒಮ್ಮೆ ನೋಡಿಕೊಳ್ಳಿ. ಯಂತ್ರವನ್ನು ಮೊದಲ ದಿನ ಸಿದ್ಧಪಡಿಸಿಕೊಟ್ಟ ಅಳಿಯನದ್ದೋ ನೆರೆಮನೆಯ ಹುಡುಗನದ್ದೋ ಆಗಿದ್ದರೆ ನಿಮ್ಮ ಮನೆಯ ಕೀಲಿ ಅವರ ಬಳಿ ಇದೆಯೆಂದೇ ಅರ್ಥ.

ನಮ್ಮ ಮನೆಯದು ಹಳೆಯ ಡೆಸ್ಕ್‌ಟಾಪ್, ವಿಂಡೋಸ್ ಹೋಮ್, ಬಳಸುವವರು ಹಲವರು. ಹಾಗಾಗಿ ನಾನು ವೆರಾಕ್ರಿಪ್ಟ್ ಆರಿಸಿದೆ. 2014ರಲ್ಲಿ ನಿಂತುಹೋದ ಟ್ರೂಕ್ರಿಪ್ಟ್‌ನ ಆಧಾರದ ಮೇಲೆ ಬೆಳೆದ ಉಚಿತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರಲ್ಲಿ ‘ಕಂಟೇನರ್’ ಎಂಬ ಒಂದೇ ದೊಡ್ಡ ಫೈಲನ್ನು ಸೃಷ್ಟಿಸಬೇಕು. ಸೃಷ್ಟಿಸುವಾಗ ಮೌಸನ್ನು ಪರದೆಯ ಮೇಲೆ ಅಡ್ಡಾದಿಡ್ಡಿ ಆಡಿಸಲು ಹೇಳುತ್ತದೆ. ಕೆಳಗಿನ ಪಟ್ಟಿ ಕೆಂಪಿನಿಂದ ಹಸಿರಿಗೆ ತಿರುಗುವವರೆಗೆ ಆಡಿಸಬೇಕು, ಕೀಲಿಗೆ ಬೇಕಾದ ಯಾದೃಚ್ಛಿಕತೆ, ಎಂದರೆ ಯಾರೂ ಊಹಿಸಲಾಗದ ಗುಣ, ಆ ಚಲನೆಯಿಂದಲೂ ಸಂಗ್ರಹವಾಗುತ್ತದೆ. ಅನಂತರ ಒಂದು ಡ್ರೈವ್ ಅಕ್ಷರವನ್ನು ಆರಿಸಿ, ಫೈಲನ್ನು ತೋರಿಸಿ, ‘ಮೌಂಟ್’ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಅದು ಹೊಸ ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಿದರೆ ಉಳಿಯುವುದು ಅರ್ಥವಿಲ್ಲದ ಅಂಕಿಗಳ ಒಂದು ಕಡತ ಮಾತ್ರ. ಕಂಪ್ಯೂಟರನ್ನು ರಿಪೇರಿಗೆ ಕೊಡುವಾಗ ಈ ಏರ್ಪಾಡಿನ ಬೆಲೆ ಗೊತ್ತಾಗುತ್ತದೆ, ಬೋರ್ಡ್ ಸುಟ್ಟರೂ ಆ ಫೈಲಿನ ಪ್ರತಿ ಬೇರೆ ಕಡೆ ಇದ್ದರೆ ಪಾಸ್‌ವರ್ಡ್ ಒಂದೇ ಸಾಕು.

ಇದರಲ್ಲಿ ಎಚ್ಚರಿಕೆ ಬೇಕಾದ ಸಂಗತಿಗಳೂ ಇವೆ. ಮೊದಲೇ ಡಿಸ್ಕಿನಲ್ಲಿದ್ದ ಫೈಲನ್ನು ಕಂಟೇನರಿಗೆ ನಕಲು ಮಾಡಿ ಮೂಲವನ್ನು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ, ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಂತೂ ಮೇಲೆ ಬರೆದು ಅಳಿಸುವ ಉಪಾಯವೂ ನೆಚ್ಚುವಂಥದ್ದಲ್ಲ. ಆದುದರಿಂದ ಕಂಟೇನರನ್ನು ಮೊದಲು ಮಾಡಿ, ಸ್ಕ್ಯಾನ್ ಮಾಡಿದ ಚಿತ್ರಗಳನ್ನು ನೇರವಾಗಿ ಅದರೊಳಗೇ ಉಳಿಸುವುದು ಉತ್ತಮ. ಎಫ್‌ಎಟಿ32 ರೂಪದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಕಂಟೇನರ್ ಫೈಲು ಹಿಡಿಸದು, ಎಕ್ಸ್‌ಫ್ಯಾಟ್ ಬೇಕು.

ಒಂದೆರಡು ಪತ್ರಗಳನ್ನು ದುಬೈಯಲ್ಲಿರುವ ತಮ್ಮನಿಗೆ ಕಳುಹಿಸುವುದಕ್ಕಾದರೆ ಫೈಲುಗಳನ್ನು ಒಟ್ಟುಕಟ್ಟಿ ಕುಗ್ಗಿಸುವ 7-ಜಿಪ್ ತಂತ್ರಾಂಶ ಸಾಕು. 7ಝಡ್ ರೂಪವನ್ನೇ ಆರಿಸಿ, ಫೈಲುಗಳ ಹೆಸರನ್ನೂ ಮರೆಮಾಡುವ ಆಯ್ಕೆಗೆ ಗುರುತು ಹಾಕಬೇಕು. ಹಳೆಯ ಜಿಪ್ ರೂಪದ ಪಾಸ್‌ವರ್ಡನ್ನು ನಂಬಬಾರದು. ಕ್ಲೌಡಿನಲ್ಲಿ ಇಡುವವರಿಗೆ ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡುವ ಕ್ರಿಪ್ಟೊಮೇಟರ್ ಹೆಚ್ಚು ಹೊಂದುತ್ತದೆ.

ಕೇರಳದ ಶಾಲೆಗಳಲ್ಲಿ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಗ್ನು/ಲಿನಕ್ಸ್ ಬಳಕೆಯಲ್ಲಿರುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಪರಿಚಿತ. “ಚಿಕ್ಕಪ್ಪ, ಲಿನಕ್ಸಿನಲ್ಲಿ ಹೀಗೆ ಮಾಡಲಿಕ್ಕೆ ಆಗುವುದಿಲ್ಲವಾ?” ಎಂದು ಅಣ್ಣನ ಮಗಳು ಕೇಳಿದಳು. ಆಗುತ್ತದೆ, ಇನ್ನೂ ಚೆನ್ನಾಗಿ. ಅಲ್ಲಿನ ಲಕ್ಸ್ ಪದ್ಧತಿಯಲ್ಲಿ ಒಂದೇ ಡಿಸ್ಕಿಗೆ ಹಲವು ಪಾಸ್‌ವರ್ಡುಗಳನ್ನು ಕೊಡಬಹುದು, ಹಳೆಯ ರೂಪದಲ್ಲಿ 8, ಹೊಸದರಲ್ಲಿ 32ರ ವರೆಗೆ. ಮನೆಯ ಪ್ರತಿಯೊಬ್ಬರಿಗೂ ಅವರವರದೇ ಪಾಸ್‌ವರ್ಡ್ ಇರಬಹುದು. ಆದರೆ ಲಿನಕ್ಸನ್ನು ಅಳವಡಿಸುವ ಹೊತ್ತಿಗೇ ಆ ಆಯ್ಕೆ ಮಾಡಿಕೊಂಡರೆ ಸುಲಭ. ಹೊಸ ಕಂಪ್ಯೂಟರ್ ಕೊಂಡಾಗ ನಾನೂ ಅತ್ತ ಹೋಗುವವನೇ.

ಇನ್ನು ಪಾಸ್‌ವರ್ಡ್. ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಡುವ ಆಸೆ ಸಹಜವಾದರೂ ನಾನು ಬೇಡವೆನ್ನುತ್ತೇನೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪಾಸ್‌ವರ್ಡ್ ಪರೀಕ್ಷಿಸುವ ತಂತ್ರಾಂಶಕ್ಕೆ ಬೇರೆ ಬೇರೆಯಾಗಿಬಿಡಬಹುದು. ಕೀಲಿಮಣೆ ಬದಲಾದರೆ ತೊಂದರೆ ಬರಬಹುದು. ರೋಮನ್ ಅಕ್ಷರಗಳಲ್ಲಿ ಬರೆದ ನಮ್ಮ ಪದಗಳಾದರೆ ಈ ಕಷ್ಟವಿಲ್ಲ, ಆದರೆ ಗಾದೆ, ಯಕ್ಷಗಾನ ಪದದ ಸಾಲು, ಮನೆದೇವರ ಹೆಸರು ಸಲ್ಲದು, ಏಕೆಂದರೆ ನಮ್ಮನ್ನು ಬಲ್ಲವರು ಮೊದಲು ಊಹಿಸುವುದೇ ಅವನ್ನು. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಸೂಚಿಸಿದ ಡೈಸ್‌ವೇರ್ ಕ್ರಮದಲ್ಲಿ ದಾಳವನ್ನು ಐದು ಸಲ ಉರುಳಿಸಿ 7776 ಪದಗಳ ಪಟ್ಟಿಯಿಂದ ಒಂದು ಪದವನ್ನು ಆರಿಸಲಾಗುತ್ತದೆ. ಇಂಥ ಆರು ಪದಗಳು ಮನೆಗೆ ಧಾರಾಳ ಸಾಕು. ಅಮ್ಮನಿಗೆ ಇಂಗ್ಲಿಷ್ ಪದಗಳು ನಿಲ್ಲುವುದಿಲ್ಲವಾದ್ದರಿಂದ ತುಳು, ಕನ್ನಡ, ಮಲಯಾಳ ಬೆರೆತ 216 ಪದಗಳ ಪಟ್ಟಿಯನ್ನು ನಾವೇ ಮಾಡಿ, ಮಕ್ಕಳ ಹಾವು ಏಣಿಯ ದಾಳವನ್ನು ಪದವೊಂದಕ್ಕೆ ಮೂರು ಸಲ ಉರುಳಿಸಿ ಹತ್ತು ಪದಗಳನ್ನು ಪಡೆದೆವು. ಆರು ಸಲ ಐದಾದರೂ ಹತ್ತು ಸಲ ಮೂರಾದರೂ ಉರುಳುವುದು ಮೂವತ್ತೇ ಆದ್ದರಿಂದ ಎರಡರ ಬಲವೂ ಸರಿಸಮ.

ಆ ಹತ್ತು ಪದಗಳನ್ನು ಕಾಗದದಲ್ಲಿ ಬರೆದು, ಒಂದು ಲಕೋಟೆಯನ್ನು ಮೂಲ ಆಧಾರಗಳಿರುವ ಕಪಾಟಿನಲ್ಲಿಯೂ ಇನ್ನೊಂದನ್ನು ಪುತ್ತೂರಿನಲ್ಲಿರುವ ಅಕ್ಕನ ಮನೆಯಲ್ಲಿಯೂ ಇರಿಸಿದ್ದೇವೆ. ಪಾಸ್‌ವರ್ಡನ್ನು ಬರೆದಿಡಬಾರದೆಂಬ ಮಾತು ಕಚೇರಿಯ ಮೇಜಿಗೆ ಸರಿ. ಮನೆಯ ಕಪಾಟನ್ನು ಒಡೆದು ಬರುವವನಿಗೆ ಅಲ್ಲಿ ಮೂಲ ಪತ್ರಗಳೇ ಸಿಗುತ್ತವೆ. ಕಂಟೇನರಿನ ಪ್ರತಿಗಳೂ ಎರಡು ಕಡೆ ಇವೆ, ಏಕೆಂದರೆ ಎನ್‌ಕ್ರಿಪ್ಷನ್ ಗುಟ್ಟನ್ನು ಕಾಯುತ್ತದೆಯೇ ಹೊರತು ಸಿಡಿಲಿನಿಂದಾಗಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ನಿಂದಾಗಲಿ ಕಡತವನ್ನು ಕಾಯುವುದಿಲ್ಲ. ಮುಂದೆಂದಾದರೂ ಪಾಸ್‌ವರ್ಡ್ ಬದಲಾಯಿಸಿದರೆ ಅದೇ ದಿನ ಎರಡೂ ಲಕೋಟೆಗಳನ್ನು ಬದಲಾಯಿಸಬೇಕು. ಹಳೆಯ ಪ್ರತಿಗಳನ್ನೂ ಹಳೆಯ ಹೆಡರ್ ಬ್ಯಾಕಪ್ಪನ್ನೂ (ಕಂಟೇನರಿನ ಕೀಲಿಯಿರುವ ತಲೆಭಾಗದ ಪ್ರತಿ) ತೆಗೆದುಹಾಕಬೇಕು, ಅವು ಹಳೆಯ ಪಾಸ್‌ವರ್ಡಿಗೇ ತೆರೆದುಕೊಳ್ಳುತ್ತವೆ.