ಹಾಯಿದೋಣಿ, ಟಾಯ್ಲೆಟ್ ಪೇಪರ್ ಮತ್ತು ಒಂದು ನೀರಿನ ಬಾಟಲಿ

ಅಥೆನ್ಸ್‌ನ ಅಲಿಮೋಸ್ ಮರೀನಾದಲ್ಲಿ ಬಾಡಿಗೆ ಹಾಯಿದೋಣಿ ಹತ್ತಿದಾಗ ಗಾಳಿ, ಅಲೆ, ಲೈಫ್ ಜಾಕೆಟ್ ಬಗ್ಗೆ ಪಾಠ ಶುರುವಾಗುತ್ತೆ ಅಂದುಕೊಂಡಿದ್ದೆವು. ಕ್ಯಾಪ್ಟನ್ ಮೊದಲು ಕೈಹಾಕಿದ್ದು ನಮ್ಮ ದಿನಸಿ ಚೀಲಕ್ಕೆ. ಅಕ್ಕ ಆರಿಸಿ ತಂದಿದ್ದ ಮೂರು ಪದರದ, ಹೂವಿನ ಅಚ್ಚಿನ ಟಾಯ್ಲೆಟ್ ಪೇಪರನ್ನು ಎತ್ತಿ ಪಕ್ಕಕ್ಕಿಟ್ಟ.

"ನೀವು ತಿಂದಿದ್ದು ಬಿಟ್ಟು ಬೇರೇನೂ ಇದರೊಳಗೆ ಹೋಗಬಾರದು" ಎಂದು ಟಾಯ್ಲೆಟ್ ತೋರಿಸಿದ. ಪೇಪರ್ ಹಾಕಲೇಬೇಕು ಅಂದರೆ, ಹಾಕುವಂಥದ್ದು ಯಾವುದು ಅಂತ ನೋಡಿ ಎಂದು ಕುಡಿದಿಟ್ಟ ಬಾಟಲಿಯಲ್ಲಿ ಅರ್ಧ ನೀರು ತುಂಬಿಸಿದ. ತೆಳ್ಳನೆಯ ಒಂದು ಪದರದ ಅಗ್ಗದ ಪೇಪರ್ ತುಂಡು ಹಾಕಿ ಅಲುಗಾಡಿಸಿದ. ಸ್ವಲ್ಪ ಹೊತ್ತಿಗೇ ಪುಡಿಪುಡಿ, ನೀರು ಗಂಜಿಯ ಹಾಗೆ ಬೆಳ್ಳಗಾಯಿತು. ಅಕ್ಕನ ಪೇಪರ್ ಅಷ್ಟೇ ಹೊತ್ತು ಅಲುಗಾಡಿಸಿದರೂ ಮುದ್ದೆಮುದ್ದೆಯಾಗಿಯೇ ಉಳಿಯಿತು. ಕಿಚನ್ ರೋಲ್‌ಗಂತೂ ಏನೂ ಆಗಲಿಲ್ಲ. ಆಗುವುದೂ ಇಲ್ಲ, ಒದ್ದೆಯಾದರೂ ಹರಿಯಬಾರದು ಅಂತಲೇ ಅದಕ್ಕೆ ರಾಳ ಸೇರಿಸಿರುತ್ತಾರೆ. ವೆಟ್ ವೈಪ್ಸ್ ಕಥೆ ಇನ್ನೂ ಕೆಟ್ಟದ್ದು. ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ದೋಣಿಯಲ್ಲಿ ಹಾಕುವ ಹಾಗಿಲ್ಲ.

ಇಷ್ಟೊಂದು ಹುಷಾರು ಯಾಕೆ ಅಂತೀರಾ? ಇಲ್ಲಿನ ಫ್ಲಶ್ ಅಂದರೆ ಪಕ್ಕದಲ್ಲಿರುವ ಕೈಪಂಪು. ಅದನ್ನು ಒತ್ತಿದಾಗ ಸಮುದ್ರದ ನೀರು ಒಳಗೆ ಬಂದು ಎಲ್ಲವನ್ನೂ ದೋಣಿಯ ಮಲದ ಟ್ಯಾಂಕಿಗೆ ತಳ್ಳಿಕೊಂಡು ಹೋಗುತ್ತದೆ. ಕೊಳವೆ ಸುಮಾರು 38 ಮಿಲಿಮೀಟರ್ ಅಷ್ಟೆ. ಹೋದದ್ದು ವಾಪಸ್ ಬರದಿರಲಿ ಅಂತ ದಾರಿಯಲ್ಲೊಂದು ರಬ್ಬರ್ ವಾಲ್ವ್, ಅದರ ಬಾಯಿ ಬರೀ ಸೀಳು. ಸಾಲದ್ದಕ್ಕೆ ಉಪ್ಪುನೀರೂ ಮೂತ್ರವೂ ಸೇರಿ ಕೊಳವೆಯೊಳಗೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂರುತ್ತವೆ. ಹಳೆಯ ದೋಣಿಯಾದರೆ ದಾರಿ ಇನ್ನೂ ಕಿರಿದು. ಹಾಗಾಗಿ ಅವಸರ ಮಾಡದೆ ಜಾಸ್ತಿ ಸಲ ಪಂಪ್ ಮಾಡಬೇಕು.

ಈಜಿನಾ ದ್ವೀಪದಲ್ಲಿ ಪಿಸ್ತಾ ಕೊಂಡೆವು. ಪೋರೋಸ್ ದ್ವೀಪದಲ್ಲಿ ಊಟಕ್ಕೆ ದಡ ಹತ್ತಿದರೆ ಹೋಟೆಲಿನ ಟಾಯ್ಲೆಟ್ಟಿನಲ್ಲೂ ಅದೇ ಸೂಚನೆ: ಪೇಪರ್ ಬುಟ್ಟಿಗೆ ಹಾಕಿ. ಗ್ರೀಸಿನಲ್ಲಿ ನೆಲದ ಮೇಲಿನ ಪೈಪುಗಳೂ ಎಷ್ಟೋ ಕಡೆ ಸಣ್ಣವೇ.

"ಅಯ್ಯೋ, ಇಲ್ಲೂ ಬುಟ್ಟಿನಾ!" ಅಂದಳು ಅಕ್ಕ.

"ನಮಗೆ ಪೇಪರ್ ಯಾಕೆ ಬೇಕು ಹೇಳು?" ಎಂದು ಭಾವ ನಕ್ಕರು. ದೋಣಿಯ ಬಾತ್‌ರೂಮಿನ ನಲ್ಲಿಯನ್ನು ಹೊರಗೆಳೆದರೆ ಶವರ್ ಆಗುತ್ತದೆ. ಮೊದಲ ರಾತ್ರಿಯೇ ಅವರು ಅದನ್ನು ನಮ್ಮೂರ ಜೆಟ್ ಸ್ಪ್ರೇ ಮಾಡಿಕೊಂಡಿದ್ದರು! ಸಿಹಿನೀರಿನ ಟ್ಯಾಂಕ್ ಸಣ್ಣದು, ಹಿತಮಿತವಾಗಿ ಬಳಸಬೇಕು. ಒರೆಸಿಕೊಳ್ಳಲು ಮಾತ್ರ ಪೇಪರ್, ಅದೂ ಮುಚ್ಚಳದ ಬುಟ್ಟಿಗೆ. ನನ್ನ ಕೇಳಿದರೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಹೈಡ್ರಾ ದ್ವೀಪದಲ್ಲಿ ಕಾರು, ಬೈಕು ಓಡಿಸುವ ಹಾಗಿಲ್ಲ, ಸಾಮಾನೆಲ್ಲ ಕತ್ತೆಗಳ ಬೆನ್ನ ಮೇಲೆ. ಬಂದರು ಪುಟ್ಟದು, ದೋಣಿಗಳು ಒಂದಕ್ಕೊಂದು ಅಂಟಿಕೊಂಡೇ ನಿಲ್ಲುತ್ತವೆ. ಅಲ್ಲಿ ಮಲದ ಟ್ಯಾಂಕನ್ನು ಸಮುದ್ರಕ್ಕೆ ಖಾಲಿ ಮಾಡುವ ವಾಲ್ವ್ ಮುಚ್ಚಿಯೇ ಇಡಬೇಕು, ದಡದಿಂದ ಚೆನ್ನಾಗಿ ದೂರ ಹೋದ ಮೇಲೇ ತೆರೆಯುವುದು. ಪಕ್ಕದ ದೋಣಿಯವರು ಅವತ್ತು ಸಂಜೆಯೆಲ್ಲ ಸ್ಪ್ಯಾನರ್ ಹಿಡಿದು ತಮ್ಮ ಟಾಯ್ಲೆಟ್ ಬಿಚ್ಚುತ್ತಿದ್ದರು. ಸಿಕ್ಕಿಕೊಂಡಿದ್ದು ವೈಪ್ಸ್. ನಮ್ಮ ಕ್ಯಾಪ್ಟನ್ ಅವರಿಗೊಂದು ಜೊತೆ ರಬ್ಬರ್ ಗ್ಲೌಸ್ ಕೊಟ್ಟು, ನಮ್ಮನ್ನು ಊಟಕ್ಕೆ ಕರೆದುಕೊಂಡು ಹೋದ.